ಲಿನಕ್ಸ್ ಮಂದಿಯ ಬುತ್ತಿ ಗಂಟು

ಹೋದ ತಿಂಗಳ ನಮ್ಮ ಹಳೇ ಲ್ಯಾಪ್‌ಟಾಪಿಗೆ ಬರಿಯೋದಕ್ಕಂತ ಒಂದು ಸಾಫ್ಟ್‌ವೇರ್ ಹಾಕ್ಕೋಬೇಕಾಗಿತ್ತು. ನೋಡಿದ್ರ ವಿಂಡೋಸ್‌ನವರಿಗೆ ಒಂದ ಫೈಲು, ಆ್ಯಪಲ್‌ನವರಿಗೆ ಒಂದ ಫೈಲು, ಲಿನಕ್ಸ್‌ನವರಿಗೆ ಮಾತ್ರ ಐದು ನಮೂನಿ: ಡೆಬ್, ಆರ್‌ಪಿಎಂ, ಆ್ಯಪ್‌ಇಮೇಜ್, ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್. ಒಂದ ಸೀರಿಗೆ ಐದು ಥರದ ಗಂಟು ಕಟ್ಟಿ ಇಟ್ಟಂಗ. ಮಗನಿಗೆ ಫೋನ್ ಹಚ್ಚಿ ಕೇಳಿದ್ರ, “ಅವ್ವಾ, ಅದೊಂದು ದೊಡ್ಡ ಕಥಿ” ಅಂತ ನಕ್ಕ. ಆ ಕಥಿ ಪೂರಾ ಕೇಳಿಸ್ಕೊಂಡು, ನಾನೂ ಒಂದಿಷ್ಟು ಓದಿ, ಈಗ ನಿಮಗ ಹೇಳ್ಳಿಕ್ಕೆ ಕೂತೇನಿ.

ಲಿನಕ್ಸ್ ಶುರು ಆಗಿದ್ದು 1991ರಾಗ, ಫಿನ್ಲೆಂಡಿನ ಹೆಲ್ಸಿಂಕಿಯೊಳಗ. ಲಿನಸ್ ಟೋರ್ವಾಲ್ಡ್ಸ್ ಅನ್ನೋ ಕಾಲೇಜು ಹುಡುಗ ಬರೆದದ್ದು. ಆದ್ರ ಅವ ಮಾಡಿದ್ದು ಒಲಿ ಒಂದ. ಒಲಿ ಇದ್ದ ಮಾತ್ರಕ್ಕ ಅಡಗಿಮನಿ ಆಗ್ತದೇನ್ರಿ? ಬೋಗುಣಿ, ತವಾ, ಲಟ್ಟಣಗಿ ಎಲ್ಲಾ ಬೇಕಲ್ಲ. ಅವನ್ನೆಲ್ಲಾ ಕೂಡಿಸಿ, ಪೂರಾ ಅಡಗಿಮನಿ ಮಾಡಿ ಮಂದಿಗೆ ಕೊಡೋ ಗುಂಪುಗಳು ಮುಂದ ಹುಟ್ಟಿದ್ವು. ಇವಕ್ಕ ಡಿಸ್ಟ್ರೋ ಅಂತಾರ. 1993ರಾಗ ಸ್ಲ್ಯಾಕ್‌ವೇರ್ ಬಂತು, ಅದ ವರ್ಷ ಡೆಬಿಯನ್ ಬಂತು, ಅದರ ಬೆನ್ನಿಗೆ ರೆಡ್ ಹ್ಯಾಟ್. ಡೆಬಿಯನ್ ಹೆಸರು ನನಗ ಭಾಳ ಸೇರಿತು. ಅದನ್ನ ಶುರು ಮಾಡಿದ ಇಯಾನ್ ಮರ್ಡಾಕ್, ತನ್ನ ಹುಡುಗಿ ಡೆಬ್ರಾಳ ಹೆಸರು ಮುಂದಿಟ್ಟು ತನ್ನ ಹೆಸರು ಹಿಂದ ಜೋಡಿಸಿದ. ಲಗ್ನಾನೂ ಆದ್ರು. ಮುಂದ ಇಬ್ರೂ ಬ್ಯಾರೆ ಆದ್ರು, ಹೆಸರು ಮಾತ್ರ ಹಂಗ ಉಳಿದದ.

ಆಗಿನ ಕಾಲಕ್ಕ ಒಂದು ಸಾಫ್ಟ್‌ವೇರ್ ಬೇಕಂದ್ರ ಅದನ್ನ ಬರೆದವರ ಕಡಿಂದ ಹಸೀ ಸಾಮಾನು ತಂದು, ನಮ್ಮ ಕಂಪ್ಯೂಟರಿನ್ಯಾಗ ನಾವ ಬೇಯಿಸ್ಕೋಬೇಕು. ಒಂದು ಸಾಮಾನು ಇಲ್ಲಂದ್ರ ಅರ್ಧಕ್ಕ ನಿಂತು ಬಿಡತಿತ್ತು. ಈ ತ್ರಾಸ ತಪ್ಪಿಸ್ಲಿಕ್ಕೆ ಬೇಯಿಸಿ ಕಟ್ಟಿಟ್ಟ ಪ್ಯಾಕೇಟು ಬಂದ್ವು. ಡೆಬಿಯನ್‌ನವರದು ಡೆಬ್, ರೆಡ್ ಹ್ಯಾಟ್‌ನವರದು ಆರ್‌ಪಿಎಂ, ಅದು 1995ರದು. ಒಬ್ಬರ ಪ್ಯಾಕೇಟು ಇನ್ನೊಬ್ಬರ ಮನ್ಯಾಗ ಬಿಚ್ಚೂದಿಲ್ಲ. ಒಂದನ್ನ ಇನ್ನೊಂದು ಮಾಡೋ ‘ಏಲಿಯನ್’ ಅನ್ನೋ ಸಾಧನಾನೂ ಬಂತು. ಆದ್ರ ಗಂಟಿನ ಬಟ್ಟಿ ಬದಲಿಸಿದ್ರ ಒಳಗಿನ ರುಚಿ ಬದಲಾಗ್ತದೇನು?

ಇಲ್ಲೆ ಒಂದು ಮಾತು ತಿಳ್ಕೋಬೇಕು. ಯಾವ ಸಾಫ್ಟ್‌ವೇರೂ ಎಲ್ಲಾ ಕೆಲಸಾನೂ ತಾನ ಮಾಡೂದಿಲ್ಲ. ಅಕ್ಷರ ತೋರ್ಸೂದು, ಚಿತ್ರ ತಗಿಯೂದು, ಇಂಥಾವಕ್ಕೆಲ್ಲಾ ಲೈಬ್ರರಿ ಅಂತ ತುಣುಕುಗಳಿರ್ತಾವ, ಅವನ್ನ ಎಲ್ಲಾರೂ ಹಂಚ್ಕೋತಾರ. ಮನಿಗೆಲ್ಲಾ ಒಂದ ಹಿಟ್ಟಿನ ಡಬ್ಬಿ ಇದ್ದಂಗ. ಅದರಾಗಿನ ಹಿಟ್ಟಿಂದನ ಭಕ್ರಿ, ಅದರಿಂದನ ತಾಲಿಪಟ್ಟು. ಜಾಗಾ ಉಳೀತದ, ಡಬ್ಬಿಗೆ ಹುಳ ಬಿದ್ರ ಒಂದ ಸಲ ಬದಲಿಸಿದ್ರ ಮುಗೀತು. ಆದ್ರ ಒಬ್ಬಾಕಿ ಜೋಳದ ಹಿಟ್ಟ ಬೇಕಂದು, ಇನ್ನೊಬ್ಬಾಕಿ ಸಜ್ಜಿ ಹಿಟ್ಟ ಬೇಕಂದ್ರ, ಡಬ್ಬಿ ಒಂದ ಅಲ್ಲಾ? ಒಂದು ಹಾಕ್ಲಿಕ್ಕೆ ಹೋದ್ರ ಮೂರು ಬೇಡ್ತದ, ಆ ಮೂರು ಹಾಕಿದ್ರ ಮೊದಲಿದ್ದದ್ದು ಕೆಡ್ತದ. ಇದಕ್ಕ ಲಿನಕ್ಸ್ ಮಂದಿ ನರಕ ಅಂತನ ಹೆಸರಿಟ್ಟಿದ್ರು.

1999ರ ಡೆಬಿಯನ್‌ದಾಗ ಆ್ಯಪ್ಟ್ ಬಂದ ಮ್ಯಾಲೆ ಭಾಳ ಸುಧಾರಿಸ್ತು. ಒಂದು ಹೆಸರು ಹೇಳಿದ್ರ ಸಾಕು, ಬೇಕಾದ ಸಾಮಾನೆಲ್ಲಾ ತಾನ ಹುಡುಕಿ ತರ್ತದ. ಇದರ ಹಿಂದ ಡಿಸ್ಟ್ರೋದ ಸ್ವಯಂಸೇವಕರು ಅದಾರ. ಒಂದೊಂದು ಸಾಫ್ಟ್‌ವೇರಿಗೂ ಅದನ್ನ ನೋಡ್ಕೊಳ್ಳೋರು ಇರ್ತಾರ. ಅವರು ಅದನ್ನ ತಂದು, ಸ್ವಚ್ಛ ಮಾಡಿ, ಬೇಯಿಸಿ, ಪ್ಯಾಕೇಟು ಕಟ್ಟತಾರ. ಯಾರೂ ಹೆಸರು ಹೇಳದ ಈ ಕೆಲಸಕ್ಕ ನಾನಂತೂ ಕೈ ಮುಗೀತೇನಿ. ಮನಿಕೆಲಸಾನೂ ಹಂಗ ಅಲ್ಲೇನ್ರಿ?

ಆದ್ರ ಬರೆದವರ ಪಾಡು ನೋಡ್ರಿ. ಒಂದ ಸಾಫ್ಟ್‌ವೇರನ್ನ ಡೆಬಿಯನ್‌ಗೊಮ್ಮೆ, ಫೆಡೋರಾಕ್ಕೊಮ್ಮೆ, ಸೂಸೆಗೊಮ್ಮೆ ಬ್ಯಾರೆ ಬ್ಯಾರೆ ಬೇಯಿಸಬೇಕು. ಅದಲ್ಲದ ಡೆಬಿಯನ್‌ನ ಸ್ಥಿರ ಆವೃತ್ತಿ ಹೆಚ್ಚೂಕಡಿಮಿ ಎರಡು ವರ್ಷಕ್ಕೊಮ್ಮೆ ಬರ್ತದ. ಬರೆದವ ಇವತ್ತ ತಪ್ಪು ತಿದ್ದಿ ಹೊಸಾದು ಕೊಟ್ರೂ, ಮಂದಿ ಹಳೇದನ್ನ ಹಿಡ್ಕೊಂಡು ಕೂತಿರ್ತಾರ, ಬೈಗಳ ಮಾತ್ರ ಬರೆದವಗ ಬರ್ತಾವ. ಎಲ್ಲಾ ಡಿಸ್ಟ್ರೋನೂ ಒಂದ ಪದ್ಧತಿ ಪಾಲಿಸ್ಲಿ ಅಂತ 2001ರಾಗ ‘ಲಿನಕ್ಸ್ ಸ್ಟ್ಯಾಂಡರ್ಡ್ ಬೇಸ್’ ಅನ್ನೋ ನಿಯಮ ಬಂತು. ಅದರಾಗ ಆರ್‌ಪಿಎಂ ಪ್ಯಾಕೇಟನ್ನ ಆರಿಸಿದ್ರು. ಡೆಬಿಯನ್ ಮನಿಯವರಿಗೆ ಅದು ಹೆಂಗ ಹಿಡಿಸ್ತದ? 2015ರಾಗ ಅವರು ಅದನ್ನ ಹೆಚ್ಚೂಕಡಿಮಿ ಕೈಬಿಟ್ರು.

ನಡುವ ಬ್ಯಾರೆ ದಾರಿ ಹುಡುಕಿದವರೂ ಇದ್ರು. 2004ರಾಗ ಸೈಮನ್ ಪೀಟರ್ ಅನ್ನೋರು ‘ಕ್ಲಿಕ್’ ಅಂತ ಒಂದು ಮಾಡಿದ್ರು. ಅವರ ವಿಚಾರ ಸರಳ: ಒಂದು ಸಾಫ್ಟ್‌ವೇರ್ ಅಂದ್ರ ಒಂದ ಫೈಲು, ಬೇಕಾದ ಲೈಬ್ರರಿ ಎಲ್ಲಾ ಅದರ ಹೊಟ್ಯಾಗ. ಇನ್‌ಸ್ಟಾಲ್ ಅನ್ನೋದ ಇಲ್ಲ, ತಂದು ಒತ್ತಿದ್ರ ನಡೀತದ, ಬ್ಯಾಡಾದ್ರ ಒಗದ್ರ ಆತು. ಪರಊರಿಗೆ ಹೊಂಟಾಗ ಭಕ್ರಿ, ಪಲ್ಯ, ಚಟ್ನಿ, ಉಪ್ಪಿನಕಾಯಿ ಎಲ್ಲಾ ಒಂದ ಬುತ್ತ್ಯಾಗ ಕಟ್ಟಿದಂಗ. ಮುಂದ ಅದ ಆ್ಯಪ್‌ಇಮೇಜ್ ಆತು. ಆಗ ಭಾಳ ಮಂದಿ ಮೂಗು ಮುರದ್ರು. ಪ್ರತಿಯೊಂದು ಬುತ್ತ್ಯಾಗೂ ಅವ ಲೈಬ್ರರಿ ತುಂಬಿದ್ರ ಜಾಗಾ ದಂಡ, ಹುಳ ಬಿದ್ರ ನೂರು ಬುತ್ತಿ ಬಿಚ್ಚಬೇಕು ಅಂತ. ಅದೇನೂ ಸುಳ್ಳಲ್ಲ.

ಆಮ್ಯಾಲೆ 2014ರಾಗ, ಅಮೆರಿಕದ ಪೋರ್ಟ್‌ಲೆಂಡಿನ ಡೆಬಿಯನ್ ಸಮ್ಮೇಳನದಾಗ ಟೋರ್ವಾಲ್ಡ್ಸ್ ಖುದ್ದ ಬಂದು ಮಾತಾಡಿದ. ಅವಗ ನೀರಾಗ ಮುಳುಗೋ ಹವ್ಯಾಸ ಅದ. ಎಷ್ಟು ಆಳ, ಎಷ್ಟು ಹೊತ್ತು ಅಂತ ಲೆಕ್ಕ ಇಡ್ಲಿಕ್ಕೆ ‘ಸಬ್‌ಸರ್ಫೇಸ್’ ಅನ್ನೋ ಸಾಫ್ಟ್‌ವೇರನ್ನೂ ಅವನ ಶುರು ಮಾಡಿದ್ದ. ಅವ ಹೇಳಿದ್ದೇನಂದ್ರ, ಅದನ್ನ ವಿಂಡೋಸ್‌ಗೆ ಕಟ್ಟಿ ಕೊಡ್ತೇವಿ, ಆ್ಯಪಲ್‌ಗೂ ಕಟ್ಟಿ ಕೊಡ್ತೇವಿ, ಲಿನಕ್ಸ್‌ಗೆ ಮಾತ್ರ ಕೊಡಾಂಗಿಲ್ಲ, ಯಾಕಂದ್ರ ಅದು ಭಾಳ ತಲಿನೋವು! ಒಲಿ ಮಾಡಿದವಗ ತನ್ನ ಒಲಿ ಮ್ಯಾಲೆ ಮಂದಿಗೆ ಚಹಾ ಕಾಸಿ ಕೊಡ್ಲಿಕ್ಕೆ ಆಗ್ಲಿಲ್ಲ. ಇದನ್ನ ಓದಿದಾಗ, ತಪ್ಪು ನನ್ನ ಬುದ್ಧಿದಲ್ಲ ಅಂತ ಭಾಳ ಸಮಾಧಾನ ಆತು. ಮುಂದ ಸಬ್‌ಸರ್ಫೇಸೂ ಆ್ಯಪ್‌ಇಮೇಜ್ ಆಗಿ ಬಂತು.

2016ರಾಗ ಇನ್ನೆರಡು ಬಂದ್ವು. ರೆಡ್ ಹ್ಯಾಟ್‌ನ ಅಲೆಕ್ಸಾಂಡರ್ ಲಾರ್ಸನ್ ಮಾಡ್ತಿದ್ದ ಸಾಧನಕ್ಕ ಫ್ಲ್ಯಾಟ್‌ಪ್ಯಾಕ್ ಅಂತ ಹೆಸರಾತು. ಇದು ನಡುವಿನ ದಾರಿ. ಅನ್ನ, ಸಾರು ಅನ್ನೋ ಹಂಗ ಎಲ್ಲಾರಿಗೂ ಬೇಕಾದದ್ದನ್ನ ‘ರನ್‌ಟೈಮ್’ ಅಂತ ಒಂದ ಸಲ ಇಳಿಸ್ಕೋತದ, ಅದನ್ನ ಹತ್ತು ಸಾಫ್ಟ್‌ವೇರ್ ಹಂಚ್ಕೋತಾವ; ಬ್ಯಾರೆ ಬೇಕಾದದ್ದು ಮಾತ್ರ ಆಯಾ ಬುತ್ತ್ಯಾಗ. ಮ್ಯಾಲೆ ಪ್ರತಿಯೊಂದಕ್ಕೂ ಒಂದು ಬೇಲಿ: ಕೇಳದ ನಿಮ್ಮ ಫೋಟೋ ಕಪಾಟಿಗೆ ಕೈ ಹಾಕಬಾರದು. ಎಲ್ಲಾ ಬೇಲಿನೂ ಅಷ್ಟ ಗಟ್ಟಿ ಇರೂದಿಲ್ಲ ಅನ್ನೋದು ಬ್ಯಾರೆ ಮಾತು. ಇನ್ನೊಂದು ಸ್ನ್ಯಾಪ್, ಉಬುಂಟು ಮಾಡೋ ಕೆನಾನಿಕಲ್ ಕಂಪನಿದು. ಅದರ ಮಾಲಕ ಮಾರ್ಕ್ ಶಟಲ್‌ವರ್ತ್, 2002ರಾಗ ರೊಕ್ಕ ಕೊಟ್ಟು ಅಂತರಿಕ್ಷಕ್ಕ ಹೋಗಿ ಬಂದವ.

ಜಗಳ ಶುರು ಆಗಿದ್ದು ಇಲ್ಲೆ. ಸ್ನ್ಯಾಪಿನ ಅಂಗಡಿ ನಡಿಸೋದು ಕೆನಾನಿಕಲ್ ಒಂದ, ಬ್ಯಾರೆ ಅಂಗಡಿ ಇಡ್ಲಿಕ್ಕೆ ದಾರಿ ಇಲ್ಲ. ಉಬುಂಟು 20.04ರಾಗ ಕ್ರೋಮಿಯಂ ಬ್ರೌಸರನ್ನ ಆ್ಯಪ್ಟ್‌ನಿಂದ ಕೇಳಿದ್ರೂ ಹಿಂಬಾಗಲಿಂದ ಸ್ನ್ಯಾಪ್ ಬಂದು ಕೂಡತಿತ್ತು. ಉಬುಂಟು ಮ್ಯಾಲನ ನಿಂತ ಲಿನಕ್ಸ್ ಮಿಂಟ್‌ನವರು 2020ರಾಗ ಸಿಟ್ಟಿಗೆದ್ದು ಸ್ನ್ಯಾಪಿಗೆ ಬಾಗಲಾ ಹಾಕಿದ್ರು. 2022ರಾಗ ಉಬುಂಟುದಾಗ ಫೈರ್‌ಫಾಕ್ಸೂ ಸ್ನ್ಯಾಪ್ ಆತು. ತಗಿಯೋದಕ್ಕ ಭಾಳ ಹೊತ್ತು ಹಿಡೀತದಂತ ಮಂದಿ ಒದರಾಡಿದ್ರು. ಅದಕ್ಕಿಂತ ದೊಡ್ಡ ಮಾತು 2018ರದು. ಸ್ನ್ಯಾಪ್ ಅಂಗಡ್ಯಾಗ ಇದ್ದ ಒಂದು ಅಂಕಿ ಆಟದೊಳಗ, ನಮ್ಮ ಕರೆಂಟಿನ ಮ್ಯಾಲೆ ತನಗ ಡಿಜಿಟಲ್ ನಾಣ್ಯ ಗಳಿಸ್ಕೊಳ್ಳೋ ಕಳ್ಳ ಸಾಫ್ಟ್‌ವೇರ್ ಅಡಗಿತ್ತು. ಗೊತ್ತಾದ ಮ್ಯಾಲೆ ತಗದ್ರು. ಆದ್ರ ನನಗನಿಸಿದ್ದು, ಬರೆದವನ ಬುತ್ತಿ ಸೀದಾ ನನ್ನ ತಾಟಿಗೆ ಬಂದ್ರ ಹೊಸಾದು, ಲಗೂನ, ಖರೇ. ನಡುವ ನಿಂತು ಮೂಸಿ ನೋಡೋ ಆ ಸ್ವಯಂಸೇವಕರು ಮಾತ್ರ ಇರೂದಿಲ್ಲ.

ಇನ್ನ ನನ್ನ ಪಾಡು. ಮೊದಲು ಆ್ಯಪ್‌ಇಮೇಜ್ ಇಳಿಸಿದೆ, ಒತ್ತಿದೆ, ಏನೂ ಆಗ್ಲಿಲ್ಲ. ಅದನ್ನ ಬಿಚ್ಚಲಿಕ್ಕೆ ‘ಫ್ಯೂಸ್’ ಅನ್ನೋ ಹಳೇ ತುಣುಕು ಬೇಕಂತ, ಹೊಸಾ ಉಬುಂಟುದಾಗ ಅದನ್ನ ಮೊದಲ ಹಾಕಿರೂದಿಲ್ಲಂತ. ಎಲ್ಲಾ ಕಟ್ಟಿಕೊಂಡ ಬುತ್ತಿ, ಚಮಚ ಮಾತ್ರ ಬೀಗರ ಮನಿದು! ಅದನ್ನೂ ಹಾಕಿ ತಗದೆ. ಕನ್ನಡ ಟೈಪ್ ಮಾಡಿದ್ರ ಇಂಗ್ಲಿಷ್ ಅಕ್ಷರ ಬಂದ್ವು. ಕೀಲಿಮಣಿಗೆ ಬೇಕಾದ ತುಣುಕನ್ನ ಬುತ್ತಿ ಕಟ್ಟಿದವರು ಒಳಗ ಇಟ್ಟಿರ್ಲಿಲ್ಲ. ಅವರಿಗೆ ಇಂಗ್ಲಿಷ್ ಬಿಟ್ಟು ಬ್ಯಾರೆ ಬರಿಯೋರು ನೆನಪಿಗೇ ಬಂದಿಲ್ಲ ಅಂತ ಕಾಣ್ತದ. ಫ್ಲ್ಯಾಟ್‌ಪ್ಯಾಕಿನ್ಯಾಗ ಕನ್ನಡ ಬಂತು, ಆದ್ರ ಸಣ್ಣ ಸಾಫ್ಟ್‌ವೇರಿನ ಜೋಡಿ ದೊಡ್ಡ ರನ್‌ಟೈಮ್ ಇಳಿದು ಡಿಸ್ಕ್ ಕೆಂಪಗ ಆತು. ಕಡೀಕ ಆ್ಯಪ್ಟ್‌ನಿಂದ ಹಳೇ ಆವೃತ್ತಿ ತಂದೆ. ಎರಡು ವರ್ಷ ಹಿಂದಿಂದು ಅಂತ ಮಗಾ ನಗತಾನ. ಈ ಲೇಖನ ಅದರಾಗನ ಬರದೇನಿ.