ನಿಂತಲ್ಲೇ ಸಿಡಿಯುವ ಲಾರಿ

ಕಂಪ್ಯೂಟರ್ ಆಟದ ಕಾರಿಗೆ ಬಹುಕಾಲ ಬಾಗುವ ಮೈಯೇ ಇರಲಿಲ್ಲ. 1989ರಲ್ಲಿ ಅಮೆರಿಕದ ಪಪೈರಸ್ ಸಂಸ್ಥೆ ರೂಪಿಸಿದ ‘ಇಂಡಿಯಾನಾಪೊಲಿಸ್ 500’ ಆಟ ಟೈರಿನ ಹಿಡಿತವನ್ನೆಲ್ಲ ಲೆಕ್ಕಕ್ಕೆ ತಂದಿತು, ನಿಜ. ಆದರೂ ಕಾರು ಒಂದೇ ಗಟ್ಟಿ ಅಚ್ಚಾಗಿಯೇ ಉಳಿಯಿತು.

2005ರಲ್ಲಿ ಪಿಯೆರ್-ಮಿಷೆಲ್ ರಿಕೋರ್ಡೆಲ್ ಹೊರತಂದ ‘ರಿಗ್ಸ್ ಆಫ್ ರಾಡ್ಸ್’ ಆಟದಲ್ಲಿ ವಾಹನವೆಂದರೆ ತೂಕವುಳ್ಳ ಬಿಂದುಗಳು ಮತ್ತು ಅವನ್ನು ಜೋಡಿಸುವ, ಸ್ಪ್ರಿಂಗಿನಂತೆ ವರ್ತಿಸುವ ಸರಳುಗಳು. ಢಿಕ್ಕಿಯಾದರೆ ಸರಳು ಬಾಗುತ್ತದೆ, ಮುರಿಯುತ್ತದೆ. ಆಟಗಾರರು ತಮ್ಮ ವಾಹನವನ್ನು ತಾವೇ ಕಟ್ಟಬಹುದು. ತೊಡಕು ಶುರುವಾಗುವುದೂ ಇಲ್ಲೇ. ಕಷ್ಟಪಟ್ಟು ಕಟ್ಟಿದ ಲಾರಿ, ಯಾರೂ ಮುಟ್ಟದಿದ್ದರೂ, ನಿಂತಲ್ಲೇ ನಡುಗಿ ಸಿಡಿದುಹೋಗಬಹುದು!

ಇದು ಲೆಕ್ಕದ ಆಟ. ಕಂಪ್ಯೂಟರ್ ಇಲ್ಲಿ ಸೆಕೆಂಡಿಗೆ 2000 ಬಾರಿ ಪ್ರತಿ ಬಿಂದುವಿನ ಜಾಗ ಗೊತ್ತುಮಾಡುತ್ತದೆ. ಹಗುರ ಬಿಂದುವಿಗೆ ಅತಿ ಬಿಗಿಯಾದ ಸರಳು ಕಟ್ಟಿದರೆ ಅದರ ಕಂಪನವನ್ನು ಹಿಂಬಾಲಿಸಲು ಈ ವೇಗವೂ ಸಾಲದು. ಹಿಂದಕ್ಕೆಳೆದ ಬಿಂದು ಪ್ರತಿ ಸಲವೂ ಗುರಿ ದಾಟಿ, ಇನ್ನಷ್ಟು ದೂರ ಚಿಮ್ಮುತ್ತದೆ.

ಬಿಂದುವಿನ ತೂಕ ಹೆಚ್ಚಿಸಿದರೆ ಕಾರು ಲಾರಿಯಷ್ಟು ಭಾರವಾದೀತು. ಬಿಗಿ ಸಡಿಲಿಸಿದರೆ ಚಾಸಿ ಜೋತುಬೀಳುತ್ತದೆ. ಆಗ ನೆರವಿಗೆ ಬರುವುದು ರೈಲ್ವೆ ಸೇತುವೆಯ ಉಪಾಯ: ಚೌಕಗಳಿಗೆ ಓರೆಯಾಗಿ ಸರಳು ಹಾಕಿ ತ್ರಿಕೋನ ಮಾಡುವುದು. ಇಷ್ಟಾದ ಮೇಲೂ ಭಾರವನ್ನೆಲ್ಲ ಮೇಲಿಟ್ಟವನ ಕಾರು ಮೊದಲ ತಿರುವಿನಲ್ಲೇ ಮಗುಚುತ್ತದೆ. ರಸ್ತೆಯ ಕಾರಿನ ಧರ್ಮವೂ ಅದೇ ತಾನೆ?

ಇದೇ ಆಟದಲ್ಲಿ ಪಳಗಿದ ಕೆಲವರು ಜರ್ಮನಿಯ ಬ್ರೆಮೆನ್‌ನಲ್ಲಿ ರೂಪಿಸಿದ ‘ಬೀಮ್‌ಎನ್‌ಜಿ ಡ್ರೈವ್’ 2013ರಲ್ಲಿ ಬಂತು. ಅಲ್ಲಿಯೂ ಬಿಂದು, ಸರಳು, ಸೆಕೆಂಡಿಗೆ 2000 ಲೆಕ್ಕ. ಹಗುರ ಬಿಂದುವಿಗೆ ಬಿಗಿ ಸರಳು ಕಟ್ಟಿದವನ ಕಾರು ಅಲ್ಲಿಯೂ ಸಿಡಿಯುತ್ತದೆ.