ಹಿಮನದಿಯ ನೆರೆಯ ಹಳೆಯ ಮನೆ

ಸ್ವಿಟ್ಸರ್ಲೆಂಡಿನ ರೋನ್ ನದಿಯ ಕಣಿವೆಯಲ್ಲಿ ಮೋರೆಲ್ ಎಂಬುದೊಂದು ಸಣ್ಣ ಊರು. ಅದರ ನೆತ್ತಿಯ ಮೇಲಿರುವುದೇ ರೀಡರಾಲ್ಪ್ ಎಂಬ ವಿಹಾರಧಾಮ. ಇಂದು ಅಲ್ಲಿಗೆ ತಂತಿಯ ಮೇಲೆ ತೂಗುವ ಗಾಡಿಯಲ್ಲಿ ಕುಳಿತು ಕೆಲವೇ ನಿಮಿಷಗಳಲ್ಲಿ ಏರಬಹುದು. 1900ರಲ್ಲಿ ಹೇಸರಗತ್ತೆ ನಡೆಯುವ ಕಾಲುದಾರಿಯೊಂದೇ ಗತಿ. ಆ ದಾರಿಯಲ್ಲಿ ಕಲ್ಲು ಮರ ಗಾಜುಗಳನ್ನೆಲ್ಲ ಹೊರಿಸಿ ತಂದು, ಸಮುದ್ರಮಟ್ಟದಿಂದ ಸುಮಾರು 6,800 ಅಡಿ ಎತ್ತರದಲ್ಲಿ, 25 ಕೋಣೆಗಳ ಒಂದು ಬಂಗಲೆಯನ್ನು ಕಟ್ಟಿಸಿದನೊಬ್ಬ ಸಾಹುಕಾರ. ಮನೆ ಮುಗಿದುದು 1902ರಲ್ಲಿ. ಚೂಪು ಗೋಪುರಗಳ ಆ ಕಟ್ಟಡ ದನಗಾಹಿಗಳ ಮರದ ಗುಡಿಸಲುಗಳ ನಡುವೆ ಎಷ್ಟು ವಿಚಿತ್ರವಾಗಿ ಕಂಡಿದ್ದೀತೆಂದು ಊಹಿಸಬಹುದು. ಅದೇ ವಿಲ್ಲಾ ಕ್ಯಾಸೆಲ್.

ಸರ್ ಅರ್ನೆಸ್ಟ್ ಕ್ಯಾಸೆಲ್ ಹುಟ್ಟಿದ್ದು 1852ರಲ್ಲಿ, ಜರ್ಮನಿಯ ಕಲೋನ್ ನಗರದ ಯಹೂದಿ ಮನೆತನವೊಂದರಲ್ಲಿ. ಹದಿಹರೆಯದಲ್ಲೇ ಇಂಗ್ಲೆಂಡಿಗೆ ಬಂದು, ಬುದ್ಧಿಬಲವೊಂದರಿಂದಲೇ ಲಂಡನ್ನಿನ ಮಹಾ ಧನಿಕರಲ್ಲೊಬ್ಬನಾದ. ಈಜಿಪ್ಟಿನ ಮೊದಲ ಅಸ್ವಾನ್ ಅಣೆಕಟ್ಟಿಗೆ ಬಂಡವಾಳ ಒದಗಿಸಿದವನು ಇವನೇ. ದೊರೆ ಏಳನೆಯ ಎಡ್ವರ್ಡನ ಹಣಕಾಸಿನ ಸಲಹೆಗಾರನೂ ಆಪ್ತನೂ ಇವನೇ. ಆದರೆ ಮನೆಯೊಳಗಿನ ಭಾಗ್ಯ ಬೇರೆಯಾಗಿತ್ತು. ಮದುವೆಯಾದ ಮೂರು ವರ್ಷಗಳಲ್ಲೇ, 1881ರಲ್ಲಿ, ಹೆಂಡತಿ ಕ್ಷಯರೋಗದಿಂದ ತೀರಿಕೊಂಡಳು. ಅವಳ ಇಚ್ಛೆಯಂತೆ ಕ್ಯಾಥೊಲಿಕನಾದ ಕ್ಯಾಸೆಲ್ ಮತ್ತೆ ಮದುವೆಯಾಗಲಿಲ್ಲ. ಒಬ್ಬಳೇ ಮಗಳು ಮಾಡ್ ಕೂಡ 1911ರಲ್ಲಿ ಅದೇ ವ್ಯಾಧಿಗೆ ತುತ್ತಾದಳು. ವೈದ್ಯರ ಸಲಹೆಯಿಂದ ಬೆಟ್ಟದ ಗಾಳಿಯನ್ನು ಅರಸಿ ಬಂದವನು ಈ ಮನೆಯನ್ನು ಕಟ್ಟಿಸಿದನೆಂದಾಗ, ಅದನ್ನು ಬರಿಯ ಶ್ರೀಮಂತಿಕೆಯ ಆಡಂಬರವೆನ್ನಲು ನನಗೆ ಮನಸ್ಸಾಗುವುದಿಲ್ಲ.

ಬೇಸಗೆಯ ಅತಿಥಿಗಳಲ್ಲಿ ವಿನ್‌ಸ್ಟನ್ ಚರ್ಚಿಲನೂ ಒಬ್ಬ. 1904ರಲ್ಲಿ ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಆಗತಾನೆ ಲಿಬರಲ್ ಪಕ್ಷವನ್ನು ಸೇರಿದ್ದ. ತಂದೆ ರಾಂಡಾಲ್ಫ್ ಚರ್ಚಿಲನ ಜೀವನಚರಿತ್ರೆಯನ್ನು ಇಲ್ಲಿ ಕುಳಿತು ಬರೆಯುತ್ತಿದ್ದ. ಆ ತಂದೆ 1885ರಲ್ಲಿ ಇಂಡಿಯಾ ಮಂತ್ರಿಯಾಗಿದ್ದವನು. ಹಸುಗಳ ಕೊರಳಗಂಟೆಗಳ ಸದ್ದಿನಿಂದ ಬರವಣಿಗೆ ಕೆಟ್ಟಿತೆಂದು ಚರ್ಚಿಲ್ ಸಿಡಿಮಿಡಿಗೊಂಡನಂತೆ. ಕ್ಯಾಸೆಲ್ ದನಗಾಹಿಗಳಿಗೆ ಹಣ ಕೊಟ್ಟು ಗಂಟೆಗಳೊಳಗೆ ಹುಲ್ಲು ತುರುಕಿಸಿದನಂತೆ. ಊರಿನವರು ಇಂದಿಗೂ ಹೇಳುವ ಕಥೆ ಇದು. ಹುಲ್ಲು ತುಂಬಿದ ಗಂಟೆಯನ್ನು ಹೊತ್ತು ತಿರುಗಿದ ಹಸುಗಳ ಅಭಿಪ್ರಾಯವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ!

1914ರ ಯುದ್ಧ ಬಂದಿತು. ಇಂಗ್ಲೆಂಡು ಮತ್ತು ಜರ್ಮನಿಗಳ ನಡುವೆ ನೌಕಾಬಲದ ಪೈಪೋಟಿ ತಣಿಯಲೆಂದು 1912ರಲ್ಲಿ ಬರ್ಲಿನ್ನಿಗೆ ಹೋಗಿ ಶ್ರಮಿಸಿದ್ದವನು ಕ್ಯಾಸೆಲ್. ಅಂಥವನನ್ನೇ ಜರ್ಮನಿಯಲ್ಲಿ ಹುಟ್ಟಿದವನೆಂಬ ಕಾರಣಕ್ಕೆ ಪ್ರಿವಿ ಕೌನ್ಸಿಲಿನಿಂದ ಹೊರಹಾಕಬೇಕೆಂದು ನ್ಯಾಯಾಲಯದವರೆಗೆ ಎಳೆದರು. ಮೊಕದ್ದಮೆ ನಿಲ್ಲಲಿಲ್ಲ, ಆದರೆ ಹಳೆಯ ಬಾಳು ಮರಳಲಿಲ್ಲ. 1921ರಲ್ಲಿ ಅವನು ತೀರಿಕೊಂಡ.

ಅವನ ಸಂಪತ್ತಿನ ದೊಡ್ಡ ಪಾಲು ಸೇರಿದ್ದು ಮಾಡಳ ಮಗಳಿಗೆ. ದೊರೆ ಎಡ್ವರ್ಡನ ಹೆಸರನ್ನೇ ಹೊತ್ತ ಆ ಮೊಮ್ಮಗಳು ಎಡ್ವಿನಾ. 1922ರ ಫೆಬ್ರವರಿಯಲ್ಲಿ ದೆಹಲಿಯ ವೈಸರಾಯರ ನಿವಾಸದಲ್ಲಿ ಲೂಯಿ ಮೌಂಟ್‌ಬ್ಯಾಟನ್ ಅವಳನ್ನು ವರಿಸುವ ಮಾತೆತ್ತಿದ. ಇಪ್ಪತ್ತೈದು ವರ್ಷಗಳ ಮೇಲೆ ಅವಳು ಭಾರತದ ಕೊನೆಯ ವೈಸರಾಯನ ಪತ್ನಿಯಾಗಿ ಬಂದು, 1947ರ ನಿರಾಶ್ರಿತರ ಶಿಬಿರಗಳಲ್ಲಿ ದುಡಿದುದನ್ನು ನಮ್ಮ ಹಿರಿಯರು ಕಂಡಿದ್ದರು.

ಬಂಗಲೆ 1924ರಲ್ಲಿ ಹೋಟೆಲಿನವರ ಪಾಲಾಯಿತು. 1969ರವರೆಗೆ ಹೋಟೆಲಾಗಿಯೇ ನಡೆಯಿತು. ಈ ನಡುವೆ, 1933ರಲ್ಲಿ, ಬದಿಯ ಆಲೆಚ್ ಕಾಡಿಗೆ ರಕ್ಷಣೆ ದೊರೆತು ಮರ ಕಡಿಯುವುದೂ ದನ ಮೇಯಿಸುವುದೂ ನಿಂತಿದ್ದುವು. ಕಾಡನ್ನು ಉಳಿಸಿದ ನಿಸರ್ಗ ಸಂರಕ್ಷಣ ಸಂಘವೇ ಮನೆಯನ್ನೂ ಕೊಂಡು, 1976ರಲ್ಲಿ ಅದನ್ನು ನಿಸರ್ಗ ಶಿಕ್ಷಣದ ಕೇಂದ್ರವಾಗಿ ತೆರೆಯಿತು.

ಕಾಡಿನ ಕೆಳಗೆ ಹರಡಿರುವುದು ಆಲ್ಪ್ಸ್ ಪರ್ವತಗಳಲ್ಲೇ ಅತಿ ಉದ್ದದ ಆಲೆಚ್ ಹಿಮನದಿ. ಈ ಪ್ರದೇಶವು 2001ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮನ್ನಣೆ ಬಂದಿತೆಂದು ಹಿಮ ನಿಲ್ಲಲಿಲ್ಲ. ಸುಮಾರು 1860ರಿಂದೀಚೆಗೆ ಅದು ಮೂರು ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಕ್ಯಾಸೆಲನ ಅತಿಥಿಗಳು ಹಿಮವನ್ನು ಕಂಡ ಇಳಿಜಾರುಗಳಲ್ಲಿ ಈಗ ಬರಿಯ ಬಂಡೆಗಳು ಎದ್ದಿವೆ. ಅವುಗಳ ಸಂದಿಯಲ್ಲಿ ಲಾರ್ಚ್ ಸಸಿಗಳು ಬೇರೂರುತ್ತಿವೆ.