ಡೀಸೆಲ್ ಕ್ರ್ಯಾಂಕಿನ ಋಣ: ಹಳೆಯ ಜಪಾನೀ ಕಾರುಗಳ ಮಿಶ್ರ ಎಂಜಿನ್‌ಗಳು

ಒಂದು ಎಂಜಿನ್ನಿನ ಬ್ಲಾಕು, ಇನ್ನೊಂದರ ಕ್ರ್ಯಾಂಕು, ಮತ್ತೊಂದರ ರಾಡು ಕೂಡಿಸಿ ಕಟ್ಟಿದ ಮಿಶ್ರ ಎಂಜಿನ್‌ಗಳ ಬಗ್ಗೆ ಈಗ ಎರಡು ಬಗೆಯ ಬರಹಗಳು ಬರುತ್ತಿವೆ. ಒಂದು ಬಗೆಯವರಿಗೆ ಇದು ದುಡ್ಡಿಲ್ಲದವರ ಜುಗಾಡ್. ಅಮೆರಿಕದ ವಿ8 ಎಂಜಿನ್ನನ್ನೋ ಬ್ಯಾಟರಿ ಮೋಟಾರನ್ನೋ ಸಲೀಸಾಗಿ ಕೂರಿಸಬಹುದಾದ ಕಾಲದಲ್ಲಿ ಈ ತಾಪತ್ರಯ ಯಾಕೆ ಎಂದು ಕೇಳುತ್ತಾರೆ. ಇನ್ನೊಂದು ಬಗೆಯವರು ಹಾಡಿ ಹೊಗಳುತ್ತಾರೆ, ಆದರೆ ಅವರ ಕಣ್ಣೆಲ್ಲ 3.1 ಲೀಟರ್ ಎಂಬ ಒಂದೇ ಅಂಕಿಯ ಮೇಲೆ. ಬೋರಿಂಗ್ ಯಂತ್ರದ ಪಕ್ಕದಲ್ಲೇ ವೃತ್ತಿ ಕಳೆದ ನನ್ನಂಥವರಿಗೆ ಇಬ್ಬರ ಮಾತೂ ರುಚಿಸುವುದಿಲ್ಲ. ಈ ಸಮೀಕ್ಷೆಯಲ್ಲಿ ನಿಸ್ಸಾನಿನ ಆರು ಸಿಲಿಂಡರುಗಳಿಗೆ ಹೆಚ್ಚು ಜಾಗ ಸಿಕ್ಕಿದೆ. ಪಕ್ಷಪಾತ ಎಂದರೆ ಒಪ್ಪುತ್ತೇನೆ. ಆದರೆ ಈ ವಿದ್ಯೆ ಮೊದಲು ಮೈಗೂಡಿದ್ದು ಅಲ್ಲೇ.

ಮೊದಲ ಅಧ್ಯಾಯವನ್ನು ಬೇಗ ಮುಗಿಸಬಹುದು. 1969ರಲ್ಲಿ ನಿಸ್ಸಾನಿನ ಸ್ಪೋರ್ಟ್ಸ್ ಕಾರು ಫೇರ್‌ಲೇಡಿ ಝಡ್ ಹೊರಬಂತು. ಅಮೆರಿಕಕ್ಕೆ ಹೋದ 240ಝಡ್‌ನಲ್ಲಿ 2,393 ಸಿಸಿಯ ಎಲ್24 ಎಂಜಿನ್ ಇತ್ತು. ಜಪಾನಿನಲ್ಲಿ ಎರಡು ಲೀಟರಿಗೆ ಮೀರಿದ ಕಾರಿಗೆ ತೆರಿಗೆ ಜಾಸ್ತಿಯಾದ್ದರಿಂದ ಅಲ್ಲಿನವರಿಗೆ ಸಿಕ್ಕಿದ್ದು ಹೆಚ್ಚಾಗಿ ಎಲ್20. ಆಮೇಲೆ ಎಲ್26, 1975ರ ಹೊತ್ತಿಗೆ 2,753 ಸಿಸಿಯ ಎಲ್28. ಎಲ್24ರ ಬೋರ್ 83 ಮಿ.ಮೀ., ಸ್ಟ್ರೋಕ್ 73.7. ಬೋರನ್ನು ಹಾಗೆಯೇ ಬಿಟ್ಟು ಸ್ಟ್ರೋಕನ್ನು 79ಕ್ಕೆ ಏರಿಸಿದರೆ ಎಲ್26. ಬೋರನ್ನು 86 ಮಾಡಿದರೆ ಎಲ್28. ಹೊಸ ಎಂಜಿನ್ ಎಂದು ಕಂಪನಿ ಮಾರಿದ್ದು ತನ್ನದೇ ಭಾಗಗಳ ಮರುಜೋಡಣೆಯನ್ನು. ಮಿಶ್ರಣದ ಮೊದಲ ಪಾಠ ಕಾರ್ಖಾನೆಯಿಂದಲೇ ಬಂತು. ಝಡ್432ರಲ್ಲಿದ್ದ, ಅವಳಿ ಕ್ಯಾಮಿನ 24 ವಾಲ್ವುಗಳ ಎಸ್20 ಎಂಜಿನ್ನಿನ ಬಗ್ಗೆ ಪುಟಗಟ್ಟಲೆ ಬರೆಯುವವರಿದ್ದಾರೆ. ಅದು ಸುಂದರ, ದುಬಾರಿ, ಈ ಕಥೆಗೆ ಬಹುಮಟ್ಟಿಗೆ ಅಪ್ರಸ್ತುತ.

ರೇಸಿನ ಗೆಲುವುಗಳೂ ಹಾಗೆಯೇ. ಪೀಟರ್ ಬ್ರಾಕ್ ತಂಡದ 240ಝಡ್‌ನಲ್ಲಿ ಜಾನ್ ಮಾರ್ಟನ್ 1970 ಮತ್ತು 71ರಲ್ಲಿ ಅಮೆರಿಕದ ಸಿ ಪ್ರೊಡಕ್ಷನ್ ಪಟ್ಟ ಗೆದ್ದರು. ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿಯಲ್ಲಿ ಇದೇ ಕಾರು 1971ರಲ್ಲೂ, ಭಾರತೀಯ ಮೂಲದ ಶೇಖರ್ ಮೆಹ್ತಾ ಅವರ ಕೈಯಲ್ಲಿ 1973ರಲ್ಲೂ ಗೆದ್ದಿತು. ಎಂಜಿನ್ನಿನ ಗಟ್ಟಿತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಆದರೆ ಸ್ಪರ್ಧೆಯ ನಿಯಮಗಳು ಸಿಸಿಯನ್ನು ಕಟ್ಟಿಹಾಕಿದ್ದರಿಂದ ಮಿಶ್ರಣಕ್ಕೆ ಅಲ್ಲಿ ಹೆಚ್ಚು ಆಸ್ಪದವಿರಲಿಲ್ಲ.

ಆ ಆಸ್ಪದ ಸಿಕ್ಕಿದ್ದು ಜಪಾನಿನ ಬೀದಿಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ನಾನೂರು ಮೀಟರಿನ ರಾತ್ರಿ ಪಂದ್ಯಗಳ ಹುಚ್ಚು ಹಬ್ಬಿತ್ತು. ಎರಡು ಲೀಟರಿನ ಝಡ್ ಅಥವಾ ಸ್ಕೈಲೈನ್ ಇಟ್ಟುಕೊಂಡಿದ್ದವರು ಸೆಡ್ರಿಕ್‌ನಂಥ ದೊಡ್ಡ ಕಾರುಗಳಿಂದ ಎಲ್28 ಬಿಚ್ಚಿ ತಂದು ಹಾಕಿಕೊಂಡರು. ಅದೂ ಸಾಲದಾಯಿತು. ಆಗ ಒದಗಿದ್ದು ಯಾರೂ ತಿರುಗಿ ನೋಡದ ಒಂದು ಡೀಸೆಲ್ ಎಂಜಿನ್. 1979ರಲ್ಲಿ ಸೆಡ್ರಿಕ್‌ಗೆ ಬಂದ ಎಲ್‌ಡಿ28, ಅದೇ ಎಲ್ ವಂಶದ್ದು. ಸ್ಟ್ರೋಕ್ 83 ಮಿ.ಮೀ. ಡೀಸೆಲ್ಲಿನ ಪೆಟ್ಟು ತಾಳಲೆಂದೇ ಮಾಡಿದ ಅದರ ಕ್ರ್ಯಾಂಕು ಎಲ್28 ಬ್ಲಾಕಿನಲ್ಲಿ ಕೂರುತ್ತದೆ. ಬೋರನ್ನು 89ಕ್ಕೆ ಹಿಗ್ಗಿಸಿದರೆ 3,098 ಸಿಸಿ. ಎಲ್ಲರೂ ಜಪಿಸುವ 3.1 ಇದೇ. ಮುಂದೆ ಮಿಚಿಹಾರು ಕುಸುನೋಕಿ ಅವರ ‘ವಾಂಗನ್ ಮಿಡ್‌ನೈಟ್’ ಚಿತ್ರಕಥೆಯ ನೀಲಿ ಝಡ್‌ಗೂ ಇಂಥದೇ ಎಂಜಿನ್ ಸಿಕ್ಕಿತು. ಅಂಕಿಗೆ ಅಂಟಿದ ಮಾಯೆಯ ಮುಕ್ಕಾಲು ಪಾಲು ಅಲ್ಲಿಂದ ಬಂದದ್ದು. ಬೀದಿ ಪಂದ್ಯಗಳ ಆ ಕಾಲದಲ್ಲೇ ಒಕಾಯಾಮದ ಓಎಸ್ ಗಿಕೆನ್ ಕಂಪನಿ ಎಲ್28 ಬ್ಲಾಕಿನ ಮೇಲೆ ಕೂರುವ ಅವಳಿ ಕ್ಯಾಮಿನ ಹೆಡ್ಡನ್ನೇ ಎರಕ ಹೊಯ್ದು, ಟಿಸಿ24-ಬಿ1 ಎಂದು ಹೆಸರಿಟ್ಟಿತು. ಕೊಂಡವರು ಬೆರಳೆಣಿಕೆಯಷ್ಟು. ಕಂಪನಿ ಕ್ಲಚ್ಚು, ಡಿಫರೆನ್ಷಿಯಲ್ ಮಾರಿ ಬದುಕಿತು.

ನನ್ನ ತಲೆಮಾರು ಈ ಮಿಶ್ರಣವನ್ನು ಕಲಿತದ್ದು ಜಪಾನಿನ ಅಂಗಡಿಗಳ ಕ್ಯಾಟಲಾಗುಗಳಿಂದ, 1986ರಲ್ಲಿ ಬಂದ ಫ್ರಾಂಕ್ ಹಾನ್ಸೊವೆಟ್ಸ್ ಅವರ ಕೈಪಿಡಿಯಿಂದ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ವರ್ನಿಯರ್ ಹಿಡಿದು ಅಳೆಯುವುದರಿಂದ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ವಿದ್ಯೆಯ ತಿರುಳು ಇಲ್ಲಿದೆ. ಎಲ್28ರಲ್ಲಿ ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈಗೆ ಸುಮಾರು 208 ಮಿ.ಮೀ. ಆ ಎತ್ತರದೊಳಗೆ ಮೂರು ಅಳತೆ ಅಡಗಬೇಕು: ಸ್ಟ್ರೋಕಿನ ಅರ್ಧ, ರಾಡಿನ ಉದ್ದ, ಪಿಸ್ಟನ್ ಪಿನ್ನಿನಿಂದ ಅದರ ನೆತ್ತಿಯವರೆಗಿನ ಎತ್ತರ. ಡೀಸೆಲ್ ಕ್ರ್ಯಾಂಕು ಹಾಕಿ ಉಳಿದದ್ದನ್ನು ಹಾಗೆಯೇ ಬಿಟ್ಟರೆ ಪಿಸ್ಟನ್ನು ಎರಡು ಮಿ.ಮೀ. ಮೇಲೆದ್ದು ಹೆಡ್ಡಿಗೆ ಬಡಿಯುತ್ತದೆ. ಎಲ್24ರ 133 ಮಿ.ಮೀ. ರಾಡು ಹಾಕುವುದಾದರೆ ಪಿಸ್ಟನ್ನಿಗೆ ಉಳಿಯುವ ಎತ್ತರ 33.5ರ ಆಸುಪಾಸು. ಅದಕ್ಕೆ ಹತ್ತಿರವಾಗಿ ಸಿಕ್ಕಿದ್ದು ಕೆಎ24 ಎಂಬ ನಾಲ್ಕು ಸಿಲಿಂಡರಿನ ಪಿಕಪ್ ಎಂಜಿನ್ನಿನ 89 ಮಿ.ಮೀ. ಪಿಸ್ಟನ್ನು, ನೆತ್ತಿಯನ್ನು ಕೂದಲೆಳೆಯಷ್ಟು ತುರಿದರೆ ಸಾಕು. ಹೀಗೆ ಒಂದು ಡೀಸೆಲ್, ಒಂದು ಸ್ಪೋರ್ಟ್ಸ್ ಕಾರು, ಒಂದು ಸಾಧಾರಣ ಪಿಕಪ್, ಮೂರರ ಭಾಗಗಳೂ ಒಂದೇ ಬ್ಲಾಕಿನಲ್ಲಿ ಹೊಂದಿಕೊಂಡವು.

ಆಮೇಲೆ ಹೆಡ್ಡಿನ ಲೆಕ್ಕ. ಹೆಡ್ಡನ್ನು ಅಂಗಾತ ಮಲಗಿಸಿ, ವಾಲ್ವು, ಪ್ಲಗ್ಗು ಹಾಕಿ, ತೂತಿರುವ ಅಕ್ರಿಲಿಕ್ ಹಲಗೆಯನ್ನು ಗ್ರೀಸು ಸವರಿ ಅಂಟಿಸಿ, ಬ್ಯೂರೆಟ್‌ನಿಂದ ಸೀಮೆಎಣ್ಣೆ ಹನಿ ಹನಿಯಾಗಿ ಬಿಟ್ಟು, ದಹನದ ಕುಳಿ ಎಷ್ಟು ಹಿಡಿಯುತ್ತದೆಂದು ಅಳೆಯಬೇಕು. 3.1ರ ಒಂದೊಂದು ಸಿಲಿಂಡರು 516 ಸಿಸಿ. ಹತ್ತಕ್ಕೆ ಒಂದರ ಕಂಪ್ರೆಷನ್ ಬೇಕಿದ್ದರೆ ಗ್ಯಾಸ್ಕೆಟ್ಟಿನ ಜಾಗವೂ ಸೇರಿ ಮೇಲೆ ಉಳಿಯಬೇಕಾದ್ದು 57.4 ಸಿಸಿ. ಒಂದು ಸಿಸಿ ಕಡಿಮೆಯಾದರೂ ಅನುಪಾತ 10.15ಕ್ಕೆ ಏರುತ್ತದೆ. ಆರು ಕುಳಿಗಳೂ ಒಂದೇ ಅಳತೆಗೆ ಬರುವವರೆಗೆ ಗ್ರೈಂಡರ್ ಕೆಳಗಿಡುವಂತಿಲ್ಲ. ಹೆಡ್ಡುಗಳಲ್ಲೂ ಪಂಥಗಳಿವೆ. ಹಳೆಯ ಇ31ರ ಕುಳಿ ಚಿಕ್ಕದು, ವಾಲ್ವೂ ಚಿಕ್ಕವು. ಎನ್42ರ ವಾಲ್ವು ದೊಡ್ಡವು, ಕುಳಿ ಬಟಾಬಯಲು. ಎಂಬತ್ತರ ದಶಕದ ಪಿ90ರಲ್ಲಿ ಪಿಸ್ಟನ್ನು ಗಾಳಿಯನ್ನು ಹಿಂಡುವ ಸಮತಟ್ಟು ಅಂಚಿದೆ, ಆದ್ದರಿಂದ ನಾಕ್ ಬೇಗ ಬರುವುದಿಲ್ಲ. ಬೀದಿಯ ಎಂಜಿನ್ನಿಗೆ ನನ್ನ ಮತ ಪಿ90ಗೆ. ಇ31ರ ಭಕ್ತರು ಕ್ಷಮಿಸಲಿ.

ಇನ್ನು ಬೋರ್. 86ರಿಂದ 89ಕ್ಕೆ ಹೋಗುವಾಗ ಗೋಡೆಯಿಂದ ಎಲ್ಲ ಕಡೆ ಒಂದೂವರೆ ಮಿ.ಮೀ. ಕಬ್ಬಿಣ ಹೋಗುತ್ತದೆ. ಎರಕ ಹೊಯ್ಯುವಾಗ ಅಚ್ಚು ಚೂರು ಸರಿದಿದ್ದರೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು. ಅಲ್ಟ್ರಾಸೌಂಡ್ ಮೀಟರಿನಿಂದ ಅಳೆಯದೆ 89ಕ್ಕೆ ಕೈಹಾಕುವುದೆಂದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ತೆಳು ಗೋಡೆಯ 3.1ಕ್ಕಿಂತ ಗಟ್ಟಿ ಗೋಡೆಯ 2.9 ಮೇಲು. ಈ ಮಾತು ಯಾವ ಪತ್ರಿಕೆಯ ಮುಖಪುಟಕ್ಕೂ ಬರಲಿಲ್ಲ.

ಎರಡನೆಯ ಶಾಖೆ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ. ಸೀಸರಹಿತ ಪೆಟ್ರೋಲ್ ಕಡ್ಡಾಯವಾದಾಗ ಹೋಲ್ಡನ್ ಕಂಪನಿ ತನ್ನ ಹಳೆಯ ಸಿಕ್ಸನ್ನು ಬಿಟ್ಟು, 1986ರ ವಿಎಲ್ ಕಮೊಡೋರ್‌ಗೆ ನಿಸ್ಸಾನಿನ ಆರ್‌ಬಿ30 ತರಿಸಿತು. ಒಂದೇ ಕ್ಯಾಮಿನ ಸಾದಾ ಎಂಜಿನ್. ಆದರೆ ಬೋರ್ 86, ಸ್ಟ್ರೋಕ್ 85, ಬ್ಲಾಕು ಎತ್ತರ. ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26ರ ಅವಳಿ ಕ್ಯಾಮ್ ಹೆಡ್ಡು ಅದರ ಮೇಲೆ ಕೂರುತ್ತದೆ. ಬ್ಲಾಕಿನ ಎತ್ತರ ಬೇರೆಯಾದ್ದರಿಂದ ಟೈಮಿಂಗ್ ಬೆಲ್ಟು ಉದ್ದದ್ದು ಹುಡುಕಬೇಕು, ಟೆನ್ಷನರ್ ಸರಿಸಬೇಕು, ಎಣ್ಣೆಯ ದಾರಿಗಳನ್ನು ಹೊಂದಿಸಬೇಕು. ಜಪಾನಿನಲ್ಲೇ ಟಾಮಿಕೈರಾ ಕಂಪನಿ ಎಂ30 ಕಾರಿನಲ್ಲಿ ಆರ್‌ಬಿ30 ಬ್ಲಾಕಿಗೆ ಅವಳಿ ಕ್ಯಾಮಿನ ಹೆಡ್ಡು ಕೂರಿಸಿ ಮಾರಿತ್ತು. ಆದರೆ ಇದನ್ನು ಮನೆಮಾತಾಗಿಸಿದವರು ಆಸ್ಟ್ರೇಲಿಯಾದ ಶೆಡ್ಡುಗಳ ಮಂದಿ. ಒಂದು ಕುತೂಹಲದ ಲೆಕ್ಕ: ಎಲ್28 ಬ್ಲಾಕಿಗೆ ಎಲ್24 ಕ್ರ್ಯಾಂಕು ಹಾಕಿದರೆ 86 ಬೋರ್, 73.7 ಸ್ಟ್ರೋಕ್. ಎಲ್ಲರೂ ಪೂಜಿಸುವ ಆರ್‌ಬಿ26ರ ಅಳತೆ ಕೂಡ ಅದೇ. ಆರ್‌ಬಿ20 ಮತ್ತು ಹಳೆಯ ಎಲ್20ಎ ಅಳತೆಗಳೂ ಒಂದೇ.

ಉಳಿದ ಮನೆತನಗಳನ್ನು ಒಂದು ಉಸಿರಿನಲ್ಲಿ ಹೇಳಬಹುದು. ಟೊಯೋಟಾದ 4ಎ-ಜಿಇ, 7ಎ-ಎಫ್ಇ ಎರಡರ ಬೋರೂ 81, ಆದ್ದರಿಂದ 1.8 ಲೀಟರಿನ ಬ್ಲಾಕಿನ ಮೇಲೆ 16 ವಾಲ್ವಿನ ಚುರುಕು ಹೆಡ್ಡು. ಹೋಂಡಾದಲ್ಲಿ ವಿಟೆಕ್ ಇಲ್ಲದ ಬಿ18 ಬ್ಲಾಕಿನ ಮೇಲೆ ವಿಟೆಕ್ ಹೆಡ್ಡು, ಅದಕ್ಕೆ ಹೊರಗಿನಿಂದ ಎಣ್ಣೆಯ ಕೊಳವೆ. ಮಿತ್ಸುಬಿಷಿಯಲ್ಲಿ 4ಜಿ64 ಬ್ಲಾಕಿಗೆ 4ಜಿ63 ಹೆಡ್ಡು. ಒಳ್ಳೆಯ ಕೆಲಸಗಳೇ, ಆದರೆ ಇವುಗಳಲ್ಲಿ ಎರಡು ಅರ್ಧಗಳು ಸೇರುತ್ತವೆ. ಎಲ್ ಎಂಜಿನ್ನಿನಲ್ಲಿ ಐದಾರು ಕಡೆಯ ಭಾಗಗಳು ಒಂದು ಲೆಕ್ಕಕ್ಕೆ ಒಗ್ಗಬೇಕು.

ಈಗಿನ ಕಾಲ ಉದಾರವಾಗಿದೆ. ಇಡೀ ಉಕ್ಕಿನ ಗಟ್ಟಿಯಿಂದ ಕಡೆದ ಕ್ರ್ಯಾಂಕು, ಅಳತೆ ಹೇಳಿದರೆ ಮಾಡಿಕೊಡುವ ಪಿಸ್ಟನ್ನು, ಎರಡು ಕೆಎ24 ಹೆಡ್ಡುಗಳನ್ನು ಕತ್ತರಿಸಿ ಬೆಸೆದು ಆರು ಸಿಲಿಂಡರಿಗೆ ಹೊಂದಿಸುವ ಸಾಹಸ, ಹೊಸ ರೂಪದಲ್ಲಿ ಮರಳಿ ಬಂದ ಓಎಸ್ ಗಿಕೆನ್ ಹೆಡ್ಡು, ಎಲ್ಲವೂ ಇವೆ. ಶಕ್ತಿ ಹೆಚ್ಚಿದೆ, ಭರವಸೆಯೂ ಹೆಚ್ಚಿದೆ. ಕಡಿಮೆಯಾದದ್ದು ಅಳೆಯುವ ಅಭ್ಯಾಸ. ಪೆಟ್ಟಿಗೆಯ ಮೇಲೆ ಬರೆದ ಅಂಕಿಯನ್ನು ನಂಬಿ ಜೋಡಿಸುವವರು ಬಿಲ್ಲು ಓದಬಲ್ಲರು, ಬ್ಲಾಕನ್ನು ಓದಲಾರರು.

ಈ ಕ್ಷೇತ್ರದ ಸಾಹಿತ್ಯದಲ್ಲಿ ಖಾಲಿ ಇರುವ ಜಾಗಗಳೂ ಇದನ್ನೇ ಹೇಳುತ್ತವೆ. ಎಸ್20ಗೆ ಗ್ರಂಥಗಳಿವೆ, ಎಲ್‌ಡಿ28ಗೆ, ಅದರ ಕ್ರ್ಯಾಂಕು ಇಷ್ಟು ಎಂಜಿನ್‌ಗಳ ಬೆನ್ನೆಲುಬಾದರೂ, ಒಂದು ಸರಿಯಾದ ಅಧ್ಯಾಯವಿಲ್ಲ. ಟ್ಯೂನರ್‌ಗಳ ಸಂದರ್ಶನಗಳಿವೆ, ಬೋರ್ ಮಾಡಿದ, ಕ್ರ್ಯಾಂಕು ಉಜ್ಜಿದ ಮಿಸ್ತ್ರಿಗಳ ಹೆಸರಿಲ್ಲ. ಡೈನೋ ಹಾಳೆಗಳು ರಾಶಿ ಬಿದ್ದಿವೆ. ಒಡೆದ ಬ್ಲಾಕುಗಳ ಗೋಡೆ ಎಲ್ಲಿ ಎಷ್ಟು ದಪ್ಪವಿತ್ತು ಎಂಬ ದಾಖಲೆ ಹುಡುಕಿದರೂ ಸಿಗದು. ಹಳೆಯ ಡೀಸೆಲ್ ಕಾರುಗಳು ಗುಜರಿಗೆ ಹೋಗಿ ಕ್ರ್ಯಾಂಕುಗಳು ಅಪರೂಪವಾಗುತ್ತಿವೆ. ಹೊಸ ಕ್ರ್ಯಾಂಕು ದುಡ್ಡು ಕೊಟ್ಟರೆ ಬರುತ್ತದೆ. ಆದರೆ ಯಾವ ಬ್ಲಾಕು 89ಕ್ಕೆ ತಾಳಿತು, ಯಾವುದು 87ಕ್ಕೇ ಸೋತಿತು ಎಂಬ ಲೆಕ್ಕ ಹಳೆಯ ಅಂಗಡಿಗಳ ಎಣ್ಣೆ ಹತ್ತಿದ ನೋಟುಬುಕ್ಕುಗಳಲ್ಲಿದೆ, ಅಂಗಡಿ ಮುಚ್ಚಿದ ದಿನ ಅವು ರದ್ದಿಗೆ ಹೋಗುತ್ತವೆ. ಮುಂದಿನ ಸಮೀಕ್ಷೆ ಬರೆಯುವವರು ಕಾರುಗಳ ಚಿತ್ರ ತೆಗೆಯುವ ಮೊದಲು ಆ ನೋಟುಬುಕ್ಕುಗಳ ಪ್ರತಿ ಮಾಡಿಕೊಳ್ಳಲಿ.